ಗ್ಯಾರಂಟಿ ಸೇವೆಗಳ ವಿಮರ್ಶೆ: ಮೂಡಿಗೆರೆ ಕಡೆಯ ಒಂದು ಸಣ್ಣ ಕಾಫಿ ತೋಟದ ಹಾಜರಿ ಪುಸ್ತಕದಿಂದ

ಗ್ಯಾರಂಟಿ ಯೋಜನೆಗಳು ಬಂದ ಮೇಲೆ ಆಳುಗಳು ಸಿಗುತ್ತಿಲ್ಲ, ಪುಕ್ಕಟೆ ಅಕ್ಕಿಯೂ ತಿಂಗಳಿಗೆ ಎರಡು ಸಾವಿರ ರೂಪಾಯಿಯೂ ಸೇರಿ ಜನರನ್ನು ಮೈಗಳ್ಳರನ್ನಾಗಿ ಮಾಡಿವೆ ಎಂಬ ಮಾತನ್ನು ಮೂಡಿಗೆರೆ, ಬೇಲೂರು, ಸಕಲೇಶಪುರದ ಕಡೆ ಕೇಳದ ದಿನವಿಲ್ಲ. ಗೊಬ್ಬರದ ಅಂಗಡಿಯ ಮುಂದೆ, ಮದುವೆ ಮನೆಯ ಊಟದ ಸಾಲಿನಲ್ಲಿ, ಬ್ಯಾಂಕಿನ ಬೆಂಚಿನ ಮೇಲೆ ಈ ಮಾತು ಬರುತ್ತದೆ, ಬಂದಾಗ ಎದುರಾಡುವವರು ಕಡಿಮೆ. ನಾನೂ ಒಂದೂವರೆ ವರ್ಷ ಅದನ್ನೇ ಹೇಳಿಕೊಂಡು ತಿರುಗಿದ್ದೆ. ಹಳೆಯ ಹಾಜರಿ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ, ಮೂರು ಕುಯ್ಲುಗಳ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಹಾಗೆ ಹೇಳುವುದನ್ನು ನಿಲ್ಲಿಸಿದೆ. ಹೋಟೆಲು, ಪಂಪ್‌ಸೆಟ್ಟು, ಕಳೆ ಹೊಡೆಯುವ ಯಂತ್ರಗಳ ಬಗ್ಗೆ ಬಳಸಿದವರು ತಮ್ಮ ಅಭಿಪ್ರಾಯ ಬರೆಯುವಂತೆ ಈ ಸೇವೆಗಳ ಬಗ್ಗೆಯೂ ಬಳಸಿದವರು ಬರೆಯಬೇಕು ಎನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬೇಲೂರು–ಮೂಡಿಗೆರೆ ರಸ್ತೆಯಿಂದ ಸುಮಾರು ಎರಡು ಕಿಲೋಮೀಟರು ಒಳಗಿರುವ 11 ಎಕರೆ ತೋಟ. ಬಹುಪಾಲು ರೊಬಸ್ಟಾ, ಹಳ್ಳದ ಅಂಚಿನಲ್ಲಿ ಸ್ವಲ್ಪ ಅರೇಬಿಕಾ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ನಮ್ಮ ಯಜಮಾನರು ತೀರಿಕೊಂಡ ಮೇಲೆ ತೋಟದ ಲೆಕ್ಕ ನನ್ನ ಕೈಗೆ ಬಂದು ಒಂಬತ್ತು ವರ್ಷವಾಯಿತು. ಆಳುಗಳಿಗೆಂದು ತೋಟದಲ್ಲಿಯೇ ಕಟ್ಟಿದ ಲೈನ್ ಮನೆಯಲ್ಲಿ ಎರಡು ಸಂಸಾರಗಳಿವೆ; ಕುಯ್ಲಿನ ಕಾಲಕ್ಕೆ ಬರುವ ಹದಿನಾಲ್ಕು ಹದಿನೈದು ಹೆಂಗಸರು ಬೇಲೂರು ತಾಲ್ಲೂಕಿನ ಬಯಲಿನ ಊರುಗಳವರು. ಹೀಗಾಗಿ ಈ ಸೇವೆಗಳನ್ನು ನಾನು ಎರಡು ಕಡೆಯಿಂದ ನೋಡಿದ್ದೇನೆ. ಶಕ್ತಿ ಬಸ್ಸಿನಲ್ಲಿ ಅವರ ಪಕ್ಕದಲ್ಲಿಯೇ ಶೂನ್ಯ ದರದ ಟಿಕೆಟು ಹಿಡಿದು ಕುಳಿತಿದ್ದೇನೆ. ಬೆಳಿಗ್ಗೆ ಎಂಟು ಗಂಟೆಗೆ ಹಾಜರಿ ಪುಸ್ತಕ ಹಿಡಿದು ಅವರು ಬರಲಿಲ್ಲವೆಂದು ದಾರಿ ಕಾದದ್ದೂ ಉಂಟು.

ಮೊದಲು ಶಕ್ತಿಯ ವಿಷಯ. ರಾಜ್ಯದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಎಲ್ಲಿಗೆ ಬೇಕಾದರೂ ಉಚಿತವಾಗಿ ಹೋಗಬಹುದಾದ ಈ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ರಾಜಹಂಸ, ಐರಾವತದಂತಹ ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. 2025ರ ಜುಲೈ ವೇಳೆಗೆ ಕೊಟ್ಟ ಉಚಿತ ಟಿಕೆಟುಗಳ ಸಂಖ್ಯೆ 500 ಕೋಟಿ ಮುಟ್ಟಿತು. ಇಷ್ಟು ದೊಡ್ಡ ಸಂಖ್ಯೆಯನ್ನು ಕೇಳಿದಾಗ ಧರ್ಮಸ್ಥಳ, ಹೊರನಾಡು, ಶೃಂಗೇರಿಯ ಯಾತ್ರೆಗಳೇ ಎಲ್ಲರ ಕಣ್ಣ ಮುಂದೆ ಬರುತ್ತವೆ, ಮೊದಲ ತಿಂಗಳುಗಳಲ್ಲಿ ಟಿ.ವಿ.ಯವರು ತೋರಿಸಿದ್ದೂ ಅದನ್ನೇ. ಬೆಳಗಿನ ಆರೂಮುಕ್ಕಾಲರ ಬಸ್ಸಿನೊಳಗೆ ಒಮ್ಮೆ ಹತ್ತಿ ನೋಡಿದರೆ ಬೇರೆ ಚಿತ್ರ ಸಿಗುತ್ತದೆ. ತಲೆಗೆ ಟವೆಲು ಕಟ್ಟಿ, ಗಂಡನ ಹಳೆಯ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಬುತ್ತಿಯ ಡಬ್ಬಿ ಮತ್ತು ಮಡಿಸಿದ ಗೋಣಿಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಹೆಂಗಸರೇ ಅರ್ಧ ಬಸ್ಸು ತುಂಬಿರುತ್ತಾರೆ. ಟಿಕೆಟನ್ನು ಎಲೆಅಡಿಕೆಯ ಚೀಲದೊಳಗೆ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ, ತಪಾಸಣೆಗೆ ಬಂದವರು ಕೇಳಿದರೆ ತೋರಿಸಬೇಕಲ್ಲ.

ಇದರಿಂದ ತೋಟದ ಕೆಲಸದಲ್ಲಿ ಏನು ಬದಲಾಯಿತು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಬೆಳೆಗಾರರು ತಪ್ಪಾಗಿ ಓದುತ್ತಿರುವುದು ಇಲ್ಲಿಯೇ. 2022-23ರ ಕುಯ್ಲಿನವರೆಗೆ ನನ್ನ ತೋಟಕ್ಕೆ ಹೆಂಗಸರು ಬರುತ್ತಿದ್ದದ್ದು ಮೇಸ್ತ್ರಿಯ ಪಿಕಪ್ಪಿನಲ್ಲಿ. ಊರೂರು ಸುತ್ತಿ ಆಳು ಹತ್ತಿಸಿಕೊಂಡು ಬಂದು ಬಿಡುವುದು, ಸಂಜೆ ಮರಳಿ ಕರೆದೊಯ್ಯುವುದು ಅವನ ಕೆಲಸ. ಗಾಡಿಯ ಬಾಡಿಗೆಯ ಜೊತೆಗೆ ತಲೆಗಿಷ್ಟು ಎಂದು ಅವನ ಪಾಲು. ಯಾವ ತೋಟಕ್ಕೆ ಯಾರು ಹೋಗಬೇಕೆಂದು ತೀರ್ಮಾನಿಸುತ್ತಿದ್ದವನೂ ಅವನೇ. ಹೆಂಗಸರು ತಾವಾಗಿ ಬಸ್ಸಿನಲ್ಲಿ ಬರುವುದಾದರೆ ಹೋಗಿ ಬರುವ ಟಿಕೆಟಿಗೇ ದಿನದ ಕೂಲಿಯ ಆರನೆಯ ಒಂದು ಪಾಲು ಕೈಬಿಡುತ್ತಿತ್ತು, ಆದ್ದರಿಂದ ಪಿಕಪ್ಪನ್ನು ಬಿಟ್ಟರೆ ಅವರಿಗೆ ಬೇರೆ ದಾರಿಯಿರಲಿಲ್ಲ.

2023-24ರ ಕುಯ್ಲು ಆರಂಭವಾದಾಗ ಮೇಸ್ತ್ರಿ ಫೋನು ಮಾಡಿ ಗಾಡಿ ತುಂಬುತ್ತಿಲ್ಲ, ಹೆಂಗಸರೆಲ್ಲ ದುಡ್ಡು ಬಂತೆಂದು ಮನೆಯಲ್ಲಿ ಕೂತಿದ್ದಾರೆ ಎಂದ. ನಾನು ನಂಬಿದೆ. ಡಿಸೆಂಬರಿನ ಮೂರು ವಾರ ಅರೇಬಿಕಾ ಹಣ್ಣು ಗಿಡದಲ್ಲಿಯೇ ಒಣಗಿ ಉದುರಿದ್ದನ್ನು ನೋಡಿ ಸರ್ಕಾರವನ್ನು ಬೈದುಕೊಂಡೆ. ಜನವರಿಯ ಎರಡನೆಯ ವಾರ ಹಿಂದಿನ ವರ್ಷ ಬಂದಿದ್ದ ಐದು ಜನ ಹೆಂಗಸರು ತಾವಾಗಿ ಬಸ್ಸಿಳಿದು ರಸ್ತೆಯಿಂದ ನಡೆದುಕೊಂಡು ತೋಟಕ್ಕೆ ಬಂದರು. ಅಲ್ಲಿಯವರೆಗೆ ಅವರು ಮನೆಯಲ್ಲಿ ಕುಳಿತಿರಲಿಲ್ಲ. ಹ್ಯಾಂಡ್‌ಪೋಸ್ಟಿನ ಆಚೆ, ಕೆ.ಜಿ. ಲೆಕ್ಕದಲ್ಲಿ ನನಗಿಂತ ಹೆಚ್ಚು ಕೊಡುತ್ತಿದ್ದ ತೋಟವೊಂದರಲ್ಲಿ ಕುಯ್ಯುತ್ತಿದ್ದರು. ಅಲ್ಲಿ ಕುಯ್ಲು ಮುಗಿದಿತ್ತು, ಇಲ್ಲಿ ಹಣ್ಣಿದೆಯೆಂದು ತಿಳಿದಿತ್ತು, ಬಂದಿದ್ದರು. ಗುಂಪಿನ ಹಿರಿಯಳು ನೇರವಾಗಿಯೇ ಕೇಳಿದಳು: “ಅಮ್ಮಾವ್ರೆ, ಮೇಸ್ತ್ರಿಗೆ ಕೊಡೋದ್ರಾಗೆ ಅರ್ಧ ನಮಗೇ ಕೊಡ್ರಿ, ನಾವೇ ಬಸ್ನಾಗೆ ಬತ್ತೀವಿ.” ಅವಳ ಲೆಕ್ಕ ಸರಿಯಾಗಿತ್ತು. ಆ ವಾರದಿಂದ ನಾನು ಮೇಸ್ತ್ರಿಯನ್ನು ಬಿಟ್ಟೆ.

ಹಾಜರಿ ಪುಸ್ತಕ ಹೇಳುವುದು ಇಷ್ಟು. ಎರಡನೆಯ ಕುಯ್ಲಿನಲ್ಲಿ ಒಟ್ಟು ಹಾಜರಿ ಮೊದಲನೆಯದಕ್ಕಿಂತ ಕಡಿಮೆಯಾಗಿತ್ತು, ಆ ಕೊರತೆ ಬಹುತೇಕ ಡಿಸೆಂಬರಿನದು. ಮೂರನೆಯ ಕುಯ್ಲಿನಲ್ಲಿ, ಅಂದರೆ 2024-25ರಲ್ಲಿ, ಹಾಜರಿ ಯೋಜನೆಗಳು ಬರುವುದಕ್ಕೆ ಮುಂಚಿನ ಮಟ್ಟವನ್ನು ದಾಟಿತು. ನಡುವೆ ಗೃಹಲಕ್ಷ್ಮಿ ನಿಂತಿರಲಿಲ್ಲ, ಅನ್ನಭಾಗ್ಯ ನಿಂತಿರಲಿಲ್ಲ. ಬದಲಾಗಿದ್ದದ್ದು ನಾನು ಕೊಡುತ್ತಿದ್ದ ಕೂಲಿ ಮತ್ತು ಅವರು ಬರುತ್ತಿದ್ದ ದಾರಿ. 2024ರಲ್ಲಿ ರೊಬಸ್ಟಾ ದರ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ್ದರಿಂದ ಹೆಚ್ಚು ಕೂಲಿ ಕೊಡಲು ನನಗೆ ಸಾಧ್ಯವಾಯಿತು ಎನ್ನುವುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ದರ ಇಳಿದ ವರ್ಷ ಈ ಲೆಕ್ಕ ಬೇರೆಯಾಗಬಹುದು. ಒಂದು ತೋಟದ ಪುಸ್ತಕದಿಂದ ಜಿಲ್ಲೆಯ ಕಥೆ ಹೇಳಲು ಬರುವುದಿಲ್ಲ ಎಂಬುದೂ ನನಗೆ ಗೊತ್ತು. ಆದರೆ ಆಳಿನ ಕೊರತೆ ಈ ಯೋಜನೆಗಳಿಗಿಂತ ಹಳೆಯದು ಎನ್ನುವುದಕ್ಕೆ ಪುಸ್ತಕವೇ ಬೇಕಿಲ್ಲ. ಅಸ್ಸಾಮಿನ ಸಂಸಾರಗಳು ನಮ್ಮ ಸುತ್ತಲಿನ ಲೈನ್ ಮನೆಗಳಿಗೆ ಬಂದು ಸೇರಿದ್ದು 2023ಕ್ಕಿಂತ ಎಷ್ಟೋ ಮೊದಲು. ನಮ್ಮ ಹಳೆಯ ಆಳುಗಳ ಮಕ್ಕಳು ಓದಿ ಬೆಂಗಳೂರಿಗೋ ಹಾಸನದ ಬಟ್ಟೆ ಕಾರ್ಖಾನೆಗಳಿಗೋ ಹೋದಾಗ ಯಾವ ಗ್ಯಾರಂಟಿಯೂ ಇರಲಿಲ್ಲ.

ಶಕ್ತಿಯ ಕುಂದುಗಳಿಗೆ ಬಂದರೆ, ಮೊದಲನೆಯದು ಮಲೆನಾಡಿಗೇ ಸಂಬಂಧಿಸಿದ್ದು. ಚಿಕ್ಕಮಗಳೂರು ಜಿಲ್ಲೆಯ ಒಳದಾರಿಗಳಲ್ಲಿ ಓಡಾಡುವ ಬಸ್ಸುಗಳಲ್ಲಿ ಖಾಸಗಿಯವೇ ಬಹಳ, ಅಲ್ಲಿ ಶಕ್ತಿ ನಡೆಯುವುದಿಲ್ಲ. ಹೆದ್ದಾರಿಯ ಪಕ್ಕದ ಊರಿನ ಹೆಂಗಸಿಗೆ ಸಿಗುವ ಸೌಲಭ್ಯ ಕೊಪ್ಪದ ಕಡೆಯ ಅಥವಾ ಕಳಸದ ಕಡೆಯ ಒಳಹಳ್ಳಿಯ ಹೆಂಗಸಿಗೆ ಸಿಗುವುದು ಕಷ್ಟ. ಎರಡನೆಯದು ವೇಳೆ. ತೋಟದ ಕೆಲಸ ಎಂಟಕ್ಕೆ ಆರಂಭವಾಗಿ ನಾಲ್ಕೂವರೆಗೆ ತೂಕವಾಗುತ್ತದೆ. ಆ ಹೊತ್ತಿಗೆ ಸರಿಯಾದ ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು, ಕತ್ತಲಾದ ಮೇಲೆ ಆನೆಯ ಭಯವಿರುವ ದಾರಿಯಲ್ಲಿ ನಡೆಯಬೇಕು. ಬೇಲೂರು, ಆಲೂರು, ಸಕಲೇಶಪುರ, ಮೂಡಿಗೆರೆಯ ಕಾಡಾನೆಗಳ ವಿಷಯ ತಿಳಿದವರಿಗೆ ಇದು ಸಣ್ಣ ಮಾತಲ್ಲ. ಕುಯ್ಲಿನ ನಾಲ್ಕು ತಿಂಗಳು ಮಾತ್ರವಾದರೂ ಬೆಳಿಗ್ಗೆ ಮತ್ತು ಸಂಜೆ ಒಂದೊಂದು ಹೆಚ್ಚಿನ ಬಸ್ಸು ಹಾಕಿದರೆ ಕೆಲಸಕ್ಕೆ ಹೋಗುವವರ ಸಂಖ್ಯೆ ಇನ್ನೂ ಏರುತ್ತದೆ ಎಂಬುದು ನನ್ನ ನಂಬಿಕೆ. ಜನಸಂದಣಿಯಿಂದ ಗಂಡಸರಿಗೂ ಶಾಲೆಯ ಮಕ್ಕಳಿಗೂ ತೊಂದರೆಯಾಗುತ್ತಿರುವುದು ನಿಜ, 2025ರ ಜನವರಿಯಲ್ಲಿ ಪ್ರಯಾಣದರ ಶೇಕಡಾ 15ರಷ್ಟು ಏರಿದಾಗ ಅದರ ಹೊರೆ ಟಿಕೆಟು ಕೊಳ್ಳುವವರ ಮೇಲೆಯೇ ಬಿದ್ದಿತು ಎನ್ನುವುದೂ ನಿಜ. ಇಷ್ಟೆಲ್ಲ ಇದ್ದರೂ ಕೆಲಸದ ದೃಷ್ಟಿಯಿಂದ ಈ ಸೇವೆಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಕೂಲಿಗೆ ಹೋಗುವ ಖರ್ಚನ್ನು ಇಳಿಸಿದ ಸೇವೆಯನ್ನು ಕೂಲಿಗೆ ಹೋಗದಂತೆ ಮಾಡಿದ ಸೇವೆ ಎಂದು ಕರೆಯುವುದು ನ್ಯಾಯವಲ್ಲ.

ಗೃಹಲಕ್ಷ್ಮಿಯ ವಿಷಯದಲ್ಲಿ ಹೀಗೆ ಖಚಿತವಾಗಿ ಹೇಳುವುದು ನನಗೆ ಕಷ್ಟ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಈ ಯೋಜನೆಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರುತ್ತದೆ. ನಮ್ಮ ಕಡೆಯ ಕೂಲಿಯ ಲೆಕ್ಕದಲ್ಲಿ ಅದು ನಾಲ್ಕೈದು ದಿನದ ದುಡಿಮೆ. ಒಬ್ಬಳು ಆ ಹಣವನ್ನು ನೆಚ್ಚಿಕೊಂಡು ಕೆಲಸ ಬಿಡುವುದಾದರೂ ತಿಂಗಳಿಗೆ ನಾಲ್ಕೈದು ದಿನಕ್ಕಿಂತ ಹೆಚ್ಚು ಬಿಡಲಾರಳು. ನನ್ನ ಪುಸ್ತಕದಲ್ಲಿ ಕಾಣುವ ವ್ಯತ್ಯಾಸ ಅಷ್ಟೂ ಇಲ್ಲ. ಕೆಲಸವನ್ನು ಪೂರ್ತಿ ಬಿಟ್ಟವರು ಇಬ್ಬರು. ಒಬ್ಬಾಕೆ ಅರವತ್ತೈದು ದಾಟಿದ ಅಜ್ಜಿ. ಇಳಿಜಾರಿನಲ್ಲಿ ಮಂಡಿ ಹಿಡಿದುಕೊಂಡು ಚೀಲ ಎಳೆಯುತ್ತಿದ್ದವಳು ಈಗ ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಯ 1,200 ಮತ್ತು ಗೃಹಲಕ್ಷ್ಮಿಯ 2,000 ಸೇರಿಸಿ ಮನೆಯಲ್ಲಿ ಮೊಮ್ಮಗುವನ್ನು ನೋಡಿಕೊಳ್ಳುತ್ತಾಳೆ. ಆ ಮಗುವಿನ ತಾಯಿ ಅತ್ತೆಯ ಜಾಗಕ್ಕೆ ಕುಯ್ಲಿಗೆ ಬರುತ್ತಾಳೆ, ಅತ್ತೆಗಿಂತ ಹೆಚ್ಚು ಕುಯ್ಯುತ್ತಾಳೆ. ಇನ್ನೊಬ್ಬಾಕೆ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದಾಳೆ. ಇವರಿಬ್ಬರನ್ನು ಸೋಮಾರಿಗಳೆಂದು ಕರೆಯಲು ನನಗೆ ಮನಸ್ಸಿಲ್ಲ. ಹೆಂಡತಿಯ ಖಾತೆಗೆ ಹಣ ಬರುತ್ತದೆಂದು ತಾನು ಮನೆಗೆ ಕೊಡುವುದನ್ನು ನಿಲ್ಲಿಸಿದ ಒಬ್ಬ ಗಂಡಸನ್ನೂ ನೋಡಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವನು ಅದಕ್ಕೆ ಮುಂಚೆ ಕೊಡುತ್ತಿದ್ದದ್ದೂ ಅಷ್ಟಕ್ಕಷ್ಟೇ ಎಂದು ಅವನ ಹೆಂಡತಿಯೇ ಹೇಳಿದಳು.

ಗೃಹಲಕ್ಷ್ಮಿ ನಿಜವಾಗಿ ಮುಟ್ಟಿದ್ದು ಮಳೆಗಾಲದ ಮುಂಗಡವನ್ನು. ಇದು ತೋಟದವರಿಗೆ ಮಾತ್ರ ಅರ್ಥವಾಗುವ ಮಾತಾದ್ದರಿಂದ ವಿವರಿಸುತ್ತೇನೆ. ಜೂನಿನಿಂದ ಆಗಸ್ಟಿನವರೆಗೆ ಮೂಡಿಗೆರೆಯ ಮಳೆಯಲ್ಲಿ ಕೆಲಸ ಅಷ್ಟಿರುವುದಿಲ್ಲ. ಮಕ್ಕಳ ಶಾಲೆ ಆರಂಭವಾಗುವುದೂ, ಜ್ವರ ಶೀತ ಬರುವುದೂ, ಹಬ್ಬಗಳ ಸಾಲು ಮೊದಲಾಗುವುದೂ ಆಗಲೇ. ಆ ದಿನಗಳಲ್ಲಿ ಹೆಂಗಸರು ಬಂದು ಐದು ಸಾವಿರ, ಹತ್ತು ಸಾವಿರ ಮುಂಗಡ ಕೇಳುತ್ತಿದ್ದರು, ನಾವು ಕೊಡುತ್ತಿದ್ದೆವು, ಕೊಟ್ಟವರ ತೋಟಕ್ಕೆ ಕುಯ್ಲಿಗೆ ಬರಬೇಕು ಎನ್ನುವುದು ಒಪ್ಪಂದ. ಡಿಸೆಂಬರಿನಲ್ಲಿ ಪಕ್ಕದ ತೋಟದವರು ಎಷ್ಟೇ ಹೆಚ್ಚು ಕೊಟ್ಟರೂ ಅವಳು ಮುಂಗಡ ತೀರುವವರೆಗೆ ನಮ್ಮಲ್ಲಿಯೇ, ನಾವು ಹೇಳಿದ ದರಕ್ಕೇ ಕುಯ್ಯಬೇಕು. ಇದನ್ನು ನಾನು ಉಪಕಾರವೆಂದೇ ತಿಳಿದಿದ್ದೆ. 2024ರ ಆಷಾಢದಲ್ಲಿ ಮುಂಗಡ ಕೇಳಲು ಬಂದವರು ಇಬ್ಬರೇ. ಪ್ರತಿ ವರ್ಷ ತಪ್ಪದೆ ಕೇಳುತ್ತಿದ್ದ ಒಬ್ಬಳಿಗೆ ನಾನೇ ಫೋನು ಮಾಡಿದಾಗ ಅವಳು, “ಈ ಸಲ ದುಡ್ಡು ಬ್ಯಾಡ ಅಮ್ಮಾವ್ರೆ, ಕುಯ್ಲಿಗೆ ಬಂದ್ರೆ ಬತ್ತೀನಿ, ಈಗ್ಲೇ ಮಾತು ಕೊಡಾಕಾಗಲ್ಲ” ಎಂದಳು. ಆ ಕ್ಷಣ ನನಗೆ ಅದು ಸೊಕ್ಕೆಂದು ತೋರಿತು. ಮೂರು ದಿನ ಆ ಮಾತು ಮನಸ್ಸಿನಲ್ಲಿ ಕೊರೆಯಿತು. ಅವಳು ದುಡಿಯುವುದಿಲ್ಲವೆಂದು ಹೇಳಿರಲಿಲ್ಲ. ಎಲ್ಲಿ, ಎಷ್ಟಕ್ಕೆ ದುಡಿಯಬೇಕೆಂಬುದನ್ನು ಆರು ತಿಂಗಳ ಮೊದಲೇ ಮಾರಿಕೊಳ್ಳಲು ಒಪ್ಪಿರಲಿಲ್ಲ. ಕಾಫಿ ಬೆಳೆಗಾರರಾದ ನಾವು ಇಂದಿನ ದರಕ್ಕೆ ಮಾರಲೋ ಮಾರ್ಚಿನವರೆಗೆ ಕಾಯಲೋ ಎಂದು ದಿನವೂ ದರ ನೋಡುತ್ತೇವೆ, ಅದನ್ನು ಯಾರೂ ಸೊಕ್ಕೆನ್ನುವುದಿಲ್ಲ. “ಆಳು ಸಿಗುತ್ತಿಲ್ಲ” ಎಂಬ ನಮ್ಮ ಮಾತಿನಲ್ಲಿ ಒಂದು ದೊಡ್ಡ ಪಾಲು “ಹಳೆಯ ದರಕ್ಕೆ, ಹಳೆಯ ಕರಾರಿಗೆ ಆಳು ಸಿಗುತ್ತಿಲ್ಲ” ಎನ್ನುವುದೇ ಎಂದು ನಾನು ತಿಳಿದುಕೊಂಡದ್ದು ಹೀಗೆ.

ಹಣ ಕೊಟ್ಟರೆ ಬಡವರು ಕೆಲಸ ಬಿಡುತ್ತಾರೆಯೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಬಹಳ ಕಡೆ ಪರೀಕ್ಷಿಸಿದ್ದಾರೆ. 2019ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಮೆಕ್ಸಿಕೊ, ಹೊಂಡುರಾಸ್, ನಿಕರಾಗುವಾ, ಮೊರಾಕ್ಕೊ, ಫಿಲಿಪ್ಪೀನ್ಸ್, ಇಂಡೊನೇಷ್ಯಾ ಎಂಬ ಆರು ದೇಶಗಳ ಏಳು ನಗದು ಯೋಜನೆಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣ ಪಡೆದವರು ದುಡಿಮೆಯನ್ನು ಕಡಿಮೆ ಮಾಡಿದರು ಎನ್ನಲು ವ್ಯವಸ್ಥಿತವಾದ ಪುರಾವೆ ಸಿಗಲಿಲ್ಲ. ನನ್ನ ತೋಟಕ್ಕೆ ಇನ್ನೂ ಹತ್ತಿರದ ಉದಾಹರಣೆ ಮಧ್ಯಪ್ರದೇಶದ್ದು. ‘ಸೇವಾ’ (SEWA) ಎಂಬ ಮಹಿಳಾ ಕಾರ್ಮಿಕರ ಸಂಘಟನೆಯವರು 2011ರಿಂದ ಅಲ್ಲಿನ ಕೆಲವು ಹಳ್ಳಿಗಳಲ್ಲಿ ಪ್ರತಿಯೊಬ್ಬ ವಯಸ್ಕರಿಗೆ ತಿಂಗಳಿಗೆ ಮೊದಲು 200, ಆಮೇಲೆ 300 ರೂಪಾಯಿ ಷರತ್ತಿಲ್ಲದೆ ಕೊಟ್ಟು ನೋಡಿದಾಗ, ಜನ ಕೂಲಿಯಿಂದ ತಮ್ಮ ಸ್ವಂತ ಹೊಲದ ಕೆಲಸದ ಕಡೆಗೆ ತಿರುಗಿದ್ದು ಕಂಡುಬಂದಿತು. ಎರಡು ಹಸು ಕಟ್ಟಿದವಳನ್ನು ನೆನೆದರೆ ಇದು ನನಗೆ ಆಶ್ಚರ್ಯವೆನಿಸುವುದಿಲ್ಲ. ಕೂಲಿಗೆ ಕರೆಯುವವನ ಕಣ್ಣಿಗೆ ಇದು ಆಳಿನ ಕೊರತೆಯಾಗಿ ಕಾಣುತ್ತದೆ, ಅವಳ ಮನೆಯಲ್ಲಿ ಕೆಲಸ ಮೊದಲಿಗಿಂತ ಹೆಚ್ಚಾಗಿರುತ್ತದೆ. ಇವೆಲ್ಲವೂ ಬೇರೆ ಬೇರೆ ಮೊತ್ತದ, ಬೇರೆ ಬೇರೆ ಷರತ್ತುಗಳ ಯೋಜನೆಗಳಾದ್ದರಿಂದ ಗೃಹಲಕ್ಷ್ಮಿಗೆ ಹಾಗೆಯೇ ಅನ್ವಯಿಸಲಾಗದು, ಆದರೂ “ಕೊಟ್ಟರೆ ಕೂರುತ್ತಾರೆ” ಎನ್ನುವುದು ಎಲ್ಲ ಕಡೆಯೂ ನಿಲ್ಲುವ ಸತ್ಯವೇನಲ್ಲ.

ಇನ್ನು ಅನ್ನಭಾಗ್ಯ. 2013ರ ಜುಲೈ 10ರಂದು ಆರಂಭವಾದ ಈ ಯೋಜನೆ ಹಲವು ರೂಪ ಕಂಡಿದೆ. 2023ರಲ್ಲಿ ಹೆಚ್ಚುವರಿ 5 ಕೆ.ಜಿ. ಅಕ್ಕಿ ಹೊಂದಿಸಲಾಗದೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು, 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡತೊಡಗಿದರು. ಅಕ್ಕಿ ಸಿಕ್ಕವರು ದುಡಿಯುವುದಿಲ್ಲ ಎನ್ನುವವರಿಗೆ ನನ್ನ ಪುಸ್ತಕದ ಒಂದು ವಿಚಿತ್ರವನ್ನು ತೋರಿಸಬೇಕು. ಮೂರನೆಯ ಕುಯ್ಲಿನ ಗೈರುಹಾಜರಿಯ ದಿನಗಳಿಗೆಲ್ಲ ಕೆಂಪು ಗುರುತು ಹಾಕುತ್ತ ಹೋದಾಗ ಅವು ತಿಂಗಳ ಉದ್ದಕ್ಕೂ ಚೆದುರಿರಲಿಲ್ಲ. ಪ್ರತಿ ತಿಂಗಳೂ ಎರಡು ಮೂರು ದಿನಗಳಲ್ಲಿ ಗುಂಪುಗಟ್ಟಿದ್ದವು. ಒಂದೇ ಊರಿನ ಐದಾರು ಜನ ಒಂದೇ ದಿನ ತಪ್ಪಿಸಿಕೊಂಡಿದ್ದರು. ಲೈನ್ ಮನೆಯವಳನ್ನು ಕೇಳಿದರೆ ಅವಳಿಗೆ ತಕ್ಷಣ ಗೊತ್ತಾಯಿತು: ಅವು ರೇಷನ್ ಕೊಡುವ ದಿನಗಳು.

ಜನವರಿಯಲ್ಲಿ ಒಂದು ದಿನ ಅವಳ ಜೊತೆ ನಾನೂ ನ್ಯಾಯಬೆಲೆ ಅಂಗಡಿಗೆ ಹೋದೆ. ಯಾವ ಊರಿನದೆಂದು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇದು ಒಂದೇ ಅಂಗಡಿಯ ದೋಷವಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಸಾಲಿನಲ್ಲಿ ಚೀಲಗಳನ್ನು ಇಟ್ಟಿದ್ದರು, ಒಂದೊಂದು ಚೀಲದ ಮೇಲೆ ಒಂದೊಂದು ಕಲ್ಲು. ಹತ್ತೂವರೆಗೆ ಬಾಗಿಲು ತೆರೆಯಿತು, ಸರ್ವರ್ ಬರಲಿಲ್ಲ. ಹನ್ನೊಂದೂವರೆಗೆ ಸರ್ವರ್ ಬಂದಿತು, ಅವಳ ಸರದಿ ಬಂದಾಗ ಯಂತ್ರ ಹೆಬ್ಬೆಟ್ಟನ್ನು ಒಪ್ಪಲಿಲ್ಲ. ಎರಡು ತಿಂಗಳಿಂದ ದಿನವೂ ರೊಬಸ್ಟಾ ಗೊನೆಗಳನ್ನು ಬರಿಗೈಯಲ್ಲಿ ಸವರಿ ಸವರಿ ಅವಳ ಬೆರಳ ತುದಿಯ ಗೆರೆಗಳು ಅಳಿಸಿಹೋಗಿದ್ದವು, ಅಂಟು ಕುಳಿತು ಚರ್ಮ ಕಪ್ಪಾಗಿ ಗಡುಸಾಗಿತ್ತು. ಸೀರೆಯ ಸೆರಗಿಗೆ ಒರೆಸಿದಳು, ತಲೆಗೂದಲಿನ ಎಣ್ಣೆಗೆ ಉಜ್ಜಿದಳು, ಒಂದಾದ ಮೇಲೊಂದು ಆರು ಬೆರಳು ಇಟ್ಟಳು. ಕೊನೆಗೆ ಎಡಗೈಯ ಕಿರುಬೆರಳಿನ ಪಕ್ಕದ ಬೆರಳನ್ನು ಯಂತ್ರ ತೆಗೆದುಕೊಂಡಿತು. ಅಕ್ಕಿ ಹೊತ್ತು ಮನೆಗೆ ಬಂದಾಗ ಮಧ್ಯಾಹ್ನ ಒಂದೂಕಾಲು. ಆ ದಿನದ ಕೂಲಿ ಹೋಗಿತ್ತು. ಅವಳ ಹಿಂದೆ ನಿಂತಿದ್ದ ಇಬ್ಬರಿಗೆ ಮರುದಿನ ಬರಲು ಹೇಳಿ ಕಳುಹಿಸಿದರು, ಅವರು ಇನ್ನೊಂದು ಕೂಲಿ ಕಳೆದುಕೊಂಡರು. ಹೆಚ್ಚು ದುಡಿದ ಕೈಗೇ ಅಕ್ಕಿ ಸಿಗಲು ಹೆಚ್ಚು ಹೊತ್ತು ಹಿಡಿಯಿತು ಎನ್ನುವುದನ್ನು ಕಣ್ಣಾರೆ ಕಂಡ ಮೇಲೆ, ಪುಕ್ಕಟೆ ಅಕ್ಕಿ ಜನರ ಕೆಲಸ ತಪ್ಪಿಸುತ್ತದೆ ಎಂಬ ಮಾತಿಗೆ ನನ್ನ ಮಟ್ಟಿಗೆ ಬೇರೆಯೇ ಅರ್ಥ ಬಂದಿತು. ಅಕ್ಕಿಯ ಗುಣಮಟ್ಟದ ಬಗ್ಗೆ ನನಗೆ ದೂರಿಲ್ಲ, ಕಡುಬಿಗೂ ರೊಟ್ಟಿಗೂ ಸರಿಹೋಗುತ್ತದೆ. ಕೊಡುವ ಕ್ರಮಕ್ಕೆ ಐದಕ್ಕೆ ಎರಡರ ಮೇಲೆ ಕೊಡಲಾರೆ. ಸಂಜೆ ಆರರಿಂದ ಎಂಟರವರೆಗೆ ಅಥವಾ ಭಾನುವಾರ ಬೆಳಿಗ್ಗೆ ಅಂಗಡಿ ತೆರೆದರೆ, ಬೆರಳು ಒಪ್ಪದವರಿಗೆ ಮೊಬೈಲಿಗೆ ಬರುವ ಒಟಿಪಿಯನ್ನೋ ಕಣ್ಣಿನ ಗುರುತನ್ನೋ ತಕರಾರಿಲ್ಲದೆ ಒಪ್ಪಿದರೆ, ಜಿಲ್ಲೆಯ ಎಷ್ಟು ಕೂಲಿ ದಿನಗಳು ಉಳಿಯುತ್ತವೆ ಎಂದು ಯಾರಾದರೂ ಲೆಕ್ಕ ಹಾಕಬೇಕು. ಕುಯ್ಲು ಮುಗಿಯುವ ಮುನ್ನ ಹೂಮಳೆ, ಅಂದರೆ ಕಾಫಿ ಗಿಡಕ್ಕೆ ಹೂ ತರಿಸುವ ಮಳೆ, ಬಿದ್ದರೆ ಮುಂದಿನ ಬೆಳೆಗೇ ಪೆಟ್ಟು ಬೀಳುವ ನಮ್ಮ ಕಸುಬಿನಲ್ಲಿ ಫೆಬ್ರವರಿಯ ಒಂದೊಂದು ದಿನಕ್ಕೂ ಬೆಲೆಯಿದೆ.

ಈ ಯೋಜನೆಗಳಲ್ಲಿ ದುಡಿಮೆಯ ಆಸಕ್ತಿಯನ್ನು ನಿಜವಾಗಿಯೂ ಕುಗ್ಗಿಸುವ ಒಂದು ಅಂಶವಿದೆ, ಅದರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.2 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ 10,000. ಗಂಡ ಹೆಂಡತಿ ಇಬ್ಬರೂ ವರ್ಷದ ಮುಕ್ಕಾಲು ಪಾಲು ಕೂಲಿಗೆ ಹೋದರೆ ಈ ಮಿತಿಯನ್ನು ದಾಟದ ಸಂಸಾರ ನಮ್ಮ ಕಡೆ ಇರಲಿಕ್ಕಿಲ್ಲ. 2024-25ರಲ್ಲಿ ನರೇಗಾದ ದಿನಗೂಲಿಯೇ 349 ರೂಪಾಯಿಯಿತ್ತು. ಆ ದರದಲ್ಲಿ ಇಬ್ಬರು ತಿಂಗಳಿಗೆ ಹದಿನೈದು ದಿನ ದುಡಿದರೂ ಹತ್ತು ಸಾವಿರ ದಾಟುತ್ತದೆ. ಆದ್ದರಿಂದ ಎಲ್ಲರೂ ಆದಾಯವನ್ನು ಕಡಿಮೆ ಬರೆಸುತ್ತಾರೆ, ಬರೆಯುವವರಿಗೂ ಅದು ತಿಳಿದಿರುತ್ತದೆ. ಕೂಲಿಯ ಹಣ ಕೈಗೆ ನಗದಾಗಿ ಬರುವವರೆಗೆ ತೊಂದರೆಯಿಲ್ಲ. ತೊಂದರೆ ಬರುವುದು ಸಂಬಳದ ಚೀಟಿ, ಪಿ.ಎಫ್., ಬ್ಯಾಂಕಿನ ಜಮೆ ಇರುವ ಕೆಲಸ ಸಿಕ್ಕಾಗ. ಲೈನ್ ಮನೆಯವಳ ಮಗಳು ಪಿಯುಸಿ ಮುಗಿಸಿ ಹಾಸನದ ಒಂದು ಹೊಲಿಗೆ ಕಾರ್ಖಾನೆಗೆ ಸೇರುವ ಅವಕಾಶ ಬಂದಾಗ ಮನೆಯಲ್ಲಿ ಒಂದು ವಾರ ಚರ್ಚೆ ನಡೆಯಿತು. ಮಗಳ ಸಂಬಳ ದಾಖಲೆಗೆ ಬಂದರೆ ಕಾರ್ಡು ಹೋಗುತ್ತದೆಯೇ, ಕಾರ್ಡು ಹೋದರೆ ಅಜ್ಜನ ಆಸ್ಪತ್ರೆಯ ಖರ್ಚು ಏನಾಗುತ್ತದೆ ಎಂಬುದೇ ಚರ್ಚೆ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳ ಪರಿಷ್ಕರಣೆ ನಡೆದು ರಾಜ್ಯದಾದ್ಯಂತ ಗೊಂದಲವಾದ ಸಮಯವದು. ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರ ಕಾರ್ಡುಗಳನ್ನು ಬಿಟ್ಟು ಬೇರೆಯವರದನ್ನು ತೆಗೆಯುವುದಿಲ್ಲ ಎಂದು ಸರ್ಕಾರ ಆಮೇಲೆ ಹೇಳಿದರೂ ಭಯ ಹೋಗಲಿಲ್ಲ. ಹುಡುಗಿ ಆ ಕೆಲಸಕ್ಕೆ ಸೇರಲಿಲ್ಲ, ಈಗ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಅದಕ್ಕಿಂತ ಕಡಿಮೆ ಸಂಬಳಕ್ಕೆ, ಯಾವ ಚೀಟಿಯೂ ಇಲ್ಲದೆ ದುಡಿಯುತ್ತಿದ್ದಾಳೆ. ಅವಳ ತಾಯಿಯನ್ನು ದೂಷಿಸಲು ನನಗೆ ಬಾಯಿ ಬರುವುದಿಲ್ಲ. ಹತ್ತು ಸಾವಿರದ ಒಂದು ಗೆರೆ ಎಳೆದು, ಈಚೆಗೆ ಇದ್ದರೆ ಕಾರ್ಡು ಉಂಟು, ಆಚೆಗೆ ಕಾಲಿಟ್ಟರೆ ಇಲ್ಲ ಎಂದರೆ ಯಾರು ತಾನೇ ಧೈರ್ಯದಿಂದ ಕಾಲಿಡುತ್ತಾರೆ? ಆದಾಯ ಏರಿದ ಮೇಲೂ ಎರಡು ವರ್ಷ ಕಾರ್ಡು ಇರುತ್ತದೆ, ಆಮೇಲೆ ಹಂತಹಂತವಾಗಿ ಕಡಿಮೆಯಾಗುತ್ತದೆ ಎಂಬ ಒಂದು ನಿಯಮವಿದ್ದಿದ್ದರೆ ಆ ಹುಡುಗಿ ಇಂದು ಹಾಸನದಲ್ಲಿರುತ್ತಿದ್ದಳು.

ಯುವನಿಧಿಯಲ್ಲಿಯೂ ಇದೇ ಗುಣವಿದೆ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಕೆಲಸ ಸಿಕ್ಕ ಕೂಡಲೇ ನಿಲ್ಲುತ್ತದೆ. ಮೊತ್ತ ಸಣ್ಣದಾದ್ದರಿಂದ, ಕಾಲಮಿತಿ ಇರುವುದರಿಂದ ಹೆಚ್ಚಿನ ಹಾನಿ ಇಲ್ಲ ಎಂದು ನನ್ನ ಅಭಿಪ್ರಾಯ. ಆದರೂ ಕೆಲಸಕ್ಕೆ ಸೇರಿದ ಮೇಲೆ ಮೊದಲ ಆರು ತಿಂಗಳು ಊರು ಬಿಟ್ಟು ಹೋದ ಖರ್ಚಿಗೆಂದು ಕೊಟ್ಟಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು. ಬಾಡಿಗೆಯ ಮುಂಗಡಕ್ಕೆ ಹಣ ಹೊಂದಿಸಲಾಗದೆ ಬೆಂಗಳೂರಿನ ಕೆಲಸ ಬಿಟ್ಟವರನ್ನು ನಮ್ಮೂರಿನಲ್ಲಿಯೇ ಕಂಡಿದ್ದೇನೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿಗೂ ದುಡಿಮೆಗೂ ಸಂಬಂಧ ಕಾಣದ್ದರಿಂದ ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

“ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು” ಎಂಬ ಗಾದೆಯನ್ನು ನಮ್ಮ ಬೆಳೆಗಾರ ಮಿತ್ರರು ಈ ಸಂದರ್ಭದಲ್ಲಿ ಬಳಸುತ್ತಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ನಿಮ್ಮ ನಿಮ್ಮ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ದಿನಗಳಿಗೆ ಗುರುತು ಹಾಕಿ, ಆ ದಿನ ಅವರು ಎಲ್ಲಿದ್ದರು ಎಂದು ಕೇಳಿ. ಬೇರೆ ತೋಟದಲ್ಲಿದ್ದರೋ, ರೇಷನ್ ಅಂಗಡಿಯ ಮುಂದಿದ್ದರೋ, ಬಸ್ಸು ತಪ್ಪಿ ಮರಳಿ ಹೋದರೋ, ನಿಜವಾಗಿಯೂ ಮನೆಯಲ್ಲಿ ಮಲಗಿದ್ದರೋ. ನನ್ನ ಪುಸ್ತಕದಲ್ಲಿ ಕೊನೆಯ ಪಟ್ಟಿ ಬಹಳ ಚಿಕ್ಕದಾಗಿತ್ತು.

ಬರುವ ಕುಯ್ಲಿಗೆ ನಾನು ಕೆಲವು ಬದಲಾವಣೆ ಮಾಡಿಕೊಂಡಿದ್ದೇನೆ. ಕೆಲಸದ ಆರಂಭವನ್ನು ಬಸ್ಸಿನ ವೇಳೆಗೆ ಸರಿಯಾಗಿ ಎಂಟೂಕಾಲಕ್ಕೆ ಇಟ್ಟಿದ್ದೇನೆ, ಸಂಜೆಯ ತೂಕವನ್ನು ನಾಲ್ಕು ಗಂಟೆಗೆ ತಂದಿದ್ದೇನೆ. ಮುಖ್ಯರಸ್ತೆಯಿಂದ ತೋಟದವರೆಗೆ ಎರಡು ಕಿಲೋಮೀಟರು ನಡೆಯುವುದನ್ನು ತಪ್ಪಿಸಲು ಪರಿಚಯದ ಆಟೋದವನೊಂದಿಗೆ ತಿಂಗಳ ಲೆಕ್ಕ ಮಾತನಾಡಿದ್ದೇನೆ. ಮುಂಗಡಕ್ಕೆ ಬದಲಾಗಿ ವಾರದ ಲೆಕ್ಕವನ್ನು ಪ್ರತಿ ಶನಿವಾರ ಬಾಕಿಯಿಲ್ಲದೆ ತೀರಿಸುತ್ತೇನೆಂದು ಹೇಳಿದ್ದೇನೆ. ರೇಷನ್ ಕೊಡುವ ದಿನಗಳನ್ನು ಲೈನ್ ಮನೆಯವಳು ಮೊದಲೇ ಕೇಳಿ ತಿಳಿಸುತ್ತಾಳೆ, ಆ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಬಂದವರಿಗೂ ಕೆ.ಜಿ. ಲೆಕ್ಕದಲ್ಲಿ ಕುಯ್ಯಲು ಒಂದು ಪಟ್ಟೆ ಬಿಟ್ಟಿಡುತ್ತೇನೆ. ಹಣ್ಣು ಕುಯ್ದು ಸವೆದ ಬೆರಳುಗಳಿಗೆ ಹಚ್ಚಿಕೊಳ್ಳಲು ಒಂದು ಡಬ್ಬಿ ಕೊಬ್ಬರಿ ಎಣ್ಣೆಯನ್ನು ಕಣದ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇನೆ. ಕೈಗವಸು ತಂದುಕೊಟ್ಟಿದ್ದೆ, ಅದರಲ್ಲಿ ಹಣ್ಣು ಕೈಗೆ ಸಿಗುವುದಿಲ್ಲವೆಂದು ಎಲ್ಲರೂ ಎರಡನೆಯ ದಿನವೇ ತೆಗೆದಿಟ್ಟರು.